ಗುತ್ತಿಗೆಯ ದರವೂ ಸಂಬಳದ ದಿನವೂ

ಒಮಾನಿನ ಕಚ್ಚಾತೈಲವು ಮೀನಾ ಅಲ್ ಫಹಲ್‌ನಿಂದ ಮೊದಲ ಬಾರಿಗೆ ಹಡಗನ್ನೇರಿದ್ದು 1967ರ ಜುಲೈ ತಿಂಗಳಿನಲ್ಲಿ. ಆ ತೈಲವನ್ನು ಹೊರತೆಗೆಯುವ ಕೆಲಸದಲ್ಲಿ ಬಹುಪಾಲನ್ನು ಇಂದು ತೈಲ ಕಂಪನಿಗಳು ಸ್ವತಃ ಮಾಡುವುದಿಲ್ಲ. ಫಹೂದ್, ಮರ್ಮೂಲ್‌ಗಳಂತಹ ಮರುಭೂಮಿಯ ಕ್ಷೇತ್ರಗಳಲ್ಲಿ ಬಾವಿ ಕೊರೆಯುವುದು, ಪೈಪು ಬೆಸೆಯುವುದು, ಕ್ಯಾಂಪಿನ ಅಡುಗೆ, ನೀರಿನ ಟ್ಯಾಂಕರು ಇವೆಲ್ಲ ಗುತ್ತಿಗೆಯ ಮೂಲಕ ಕೊಳ್ಳುವ ಸೇವೆಗಳು. ಈ ಸರಪಣಿಯ ಎರಡೂ ತುದಿಗಳಲ್ಲಿ ನಮ್ಮವರಿದ್ದಾರೆ. ಟೆಂಡರು ತೂಗುವ ಮೇಜಿನ ಬಳಿಯೂ, ವೆಲ್ಡಿಂಗ್ ನಡೆಯುವ ಬಿಸಿಲಿನಲ್ಲಿಯೂ.

ವಾಲ್ವ್ ಒಂದನ್ನು ಕೊಂಡರೆ ಗೋದಾಮಿನಲ್ಲಿ ಪರೀಕ್ಷಿಸಿ, ಸರಿಯಿಲ್ಲದಿದ್ದರೆ ಹಿಂದಿರುಗಿಸಬಹುದು. ಸೇವೆಗೆ ಆ ಅನುಕೂಲವಿಲ್ಲ. ಅದರ ದರದೊಳಗೆ ದೊಡ್ಡ ಪಾಲು ಮನುಷ್ಯರ ಕೂಲಿಯೇ. ಅತಿ ಕಡಿಮೆ ದರಕ್ಕೆ ಗುತ್ತಿಗೆ ಹಿಡಿದವನು ತರಬೇತಿಯಲ್ಲಿ, ವಸತಿಯಲ್ಲಿ ಉಳಿಸುತ್ತಾನೆ. ಅದೂ ಸಾಲದಾದಾಗ ಸಂಬಳದ ದಿನವನ್ನು ಮುಂದೂಡುತ್ತಾನೆ. 2014ರ ಮಧ್ಯದಲ್ಲಿ ಬ್ಯಾರೆಲ್ಲಿಗೆ 100 ಡಾಲರ್ ಮೀರಿದ್ದ ತೈಲದ ಬೆಲೆ 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗಿಳಿದಾಗ, ಜಗತ್ತಿನ ಅನೇಕ ತೈಲ ಕಂಪನಿಗಳು ಗುತ್ತಿಗೆದಾರರಲ್ಲಿ ರಿಯಾಯಿತಿ ಕೇಳಿದವು. ಗುತ್ತಿಗೆದಾರರು ತಮ್ಮ ಒಳಗುತ್ತಿಗೆದಾರರನ್ನು ಕೇಳಿದರು. ಅವರ ಕೆಳಗೆ ಉಳಿದಿದ್ದವರು ಕಾರ್ಮಿಕರು ಮಾತ್ರ.

ದರವೊಂದೇ ಮಾನದಂಡವಾಗಬೇಕಿಲ್ಲ ಎಂಬುದನ್ನು ಈ ದೇಶವೇ ತೋರಿಸಿದೆ. ತೈಲ ವಲಯದಲ್ಲಿ 2013ರಲ್ಲಿ ರೂಪುಗೊಂಡ ‘ಇನ್-ಕಂಟ್ರಿ ವ್ಯಾಲ್ಯೂ’ ನೀತಿಯು, ಗುತ್ತಿಗೆಯ ಹಣದಲ್ಲಿ ಎಷ್ಟು ಪಾಲು ಒಮಾನಿನಲ್ಲಿಯೇ ಉಳಿಯುತ್ತದೆ, ಎಷ್ಟು ಸ್ಥಳೀಯರಿಗೆ ಕೆಲಸ ಮತ್ತು ತರಬೇತಿ ದೊರೆಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇದರಿಂದ ನಮ್ಮ ಉದ್ಯೋಗಗಳಿಗೆ ಕುತ್ತು ಬರುತ್ತದೆಂದು ಗೊಣಗುವವರು ನಮ್ಮಲ್ಲಿದ್ದಾರೆ. ಆದರೆ ತನ್ನ ನೆಲದ ಸಂಪತ್ತಿನಿಂದ ತನ್ನ ಮಕ್ಕಳಿಗೆ ಕಸುಬು ಕಲಿಸಬಾರದೆಂದು ಯಾವ ನಾಡಿಗೆ ಹೇಳಲಾದೀತು?

ಅದೇ ತಕ್ಕಡಿಯಲ್ಲಿ ಇನ್ನೊಂದನ್ನೂ ತೂಗಬೇಕೆಂಬುದು ನನ್ನ ವಾದ: ಮುಖ್ಯ ಗುತ್ತಿಗೆದಾರನು ತನ್ನ ಕೆಳಗಿನವರಿಗೆ ಎಷ್ಟು ದಿನಗಳಲ್ಲಿ ಹಣ ಪಾವತಿಸುತ್ತಾನೆ ಎಂಬುದನ್ನು. ಭಾರತದ 2006ರ ಕಾಯಿದೆಯ ಪ್ರಕಾರ ಕಿರು ಮತ್ತು ಸಣ್ಣ ಉದ್ದಿಮೆಗಳ ಬಾಕಿಯನ್ನು ಹೆಚ್ಚೆಂದರೆ 45 ದಿನಗಳಲ್ಲಿ ತೀರಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅಲ್ಲಿ ಅದು ಎಲ್ಲೆಡೆ ಪಾಲನೆಯಾಗುತ್ತಿಲ್ಲವೆಂಬುದು ನಿಜ. ಆದರೂ ಬಾಕಿದಾರನು ಕೈಮುಗಿದು ಬೇಡಬೇಕಿಲ್ಲ, ಹಕ್ಕಿನಿಂದ ಕೇಳಬಹುದು.

ಖರೀದಿ ವಿಭಾಗಗಳಲ್ಲಿರುವ ನಮ್ಮ ಸದಸ್ಯರು ಕಾನೂನು ತಿದ್ದಲಾರರು, ನಿಜ. ಆದರೆ ಒಮಾನಿನಲ್ಲಿ ಸಂಬಳವು ಬ್ಯಾಂಕಿನ ಮೂಲಕವೇ ಸಲ್ಲುವ ವೇತನ ಸಂರಕ್ಷಣಾ ವ್ಯವಸ್ಥೆ ಈಗಾಗಲೇ ಇದೆ. ಗುತ್ತಿಗೆದಾರನ ಬಿಲ್ಲಿಗೆ ಸಹಿ ಹಾಕುವ ಮೊದಲು, ಒಳಗುತ್ತಿಗೆಯ ಕಾರ್ಮಿಕರಿಗೆ ಕಳೆದ ತಿಂಗಳ ಸಂಬಳ ಸಂದ ದಾಖಲೆಯನ್ನು ತೋರಿಸಿರೆಂದು ಕೇಳಬಹುದು. ಆ ಷರತ್ತನ್ನು ಮುಂದಿನ ಟೆಂಡರಿನ ಕರಡಿನಲ್ಲಿಯೇ ಬರೆದುಬಿಡಬಹುದು.