ದುಃಖಕ್ಕೊಂದು ಕೆಲಸ

ಪ್ರಿಯರನ್ನು ಕಳೆದುಕೊಂಡವರಿಗೆ ಬರವಣಿಗೆಯು ದುಃಖ ಮರೆಸುವ ಮದ್ದೆಂದು ಹೇಳುವುದುಂಟು. ಕೊಡಗಿನ ಗೌರಮ್ಮನವರ ಕಥೆಗಳನ್ನು ಓದಿದವರು ಈ ಮಾತನ್ನು ಸುಲಭವಾಗಿ ಒಪ್ಪಲಾರರು. 1912ರಲ್ಲಿ ಮಡಿಕೇರಿಯಲ್ಲಿ ಜನಿಸಿ, ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಅವರು ಆ ನೋವನ್ನೇ ತೋಡಿಕೊಳ್ಳುತ್ತ ಕೂರಲಿಲ್ಲ. ಅವರ ದೃಷ್ಟಿ ಹರಿದುದು ವಿಧವೆಯರ ಬಾಳಿನ ಮೇಲೆ, ಅನ್ಯಾಯಕ್ಕೊಳಗಾಗಿಯೂ ತಾವೇ ತಪ್ಪಿತಸ್ಥರೆನಿಸಿಕೊಂಡ ಹೆಣ್ಣುಮಕ್ಕಳ ಮೇಲೆ. 'ಅಪರಾಧಿ ಯಾರು?' ಎಂಬ ಕಥೆಯ ಹೆಸರೇ ಸಮಾಜಕ್ಕೆ ಹಾಕಿದ ಪ್ರಶ್ನೆ. ತಬ್ಬಲಿತನವೇ ಅವರನ್ನು ಲೇಖಕಿಯನ್ನಾಗಿಸಿತೆನ್ನುವುದು ಅವರ ಪ್ರತಿಭೆಗೆ ಮಾಡುವ ಅನ್ಯಾಯವಾದೀತು. ಆದರೂ ನೋವುಂಡವರ ಕಿವಿಗೆ ಪರರ ನರಳಿಕೆ ಬೇಗ ಕೇಳಿಸುತ್ತದೆ. ಅದನ್ನು ಬರೆದಿಡುವುದು ಅಂಥವರ ಬಾಳಿಗೊಂದು ಕೆಲಸವಾಗುತ್ತದೆ.

1939ರ ಏಪ್ರಿಲಿನಲ್ಲಿ, ಈಜಲು ಹೋದ ಗೌರಮ್ಮನವರು ನೀರುಪಾಲಾದರು. ಆಗ ಅವರಿಗೆ 27 ವರ್ಷ. ಅವರನ್ನು ತಂಗಿಯೆಂದೇ ಭಾವಿಸಿದ್ದ ದ. ರಾ. ಬೇಂದ್ರೆಯವರು, ಹೆತ್ತ ಮಕ್ಕಳನ್ನು ಕಳೆದುಕೊಂಡ ಸಂಕಟವನ್ನೂ ಬಲ್ಲವರು, 'ತಂಗಿ ಗೌರಮ್ಮ' ಎಂಬ ಕವಿತೆಯನ್ನು ರಚಿಸಿದರು. ಕವಿತೆಯಿಂದ ಸತ್ತವರು ಮರಳುವುದಿಲ್ಲ. ಬೇಂದ್ರೆಯವರಿಗೆ ಇದು ತಿಳಿಯದ ಸಂಗತಿಯೇನಲ್ಲ. ಗೌರಮ್ಮನವರ ಕಥೆಗಳು 'ಕಂಬನಿ', 'ಚಿಗುರು' ಎಂಬ ಸಂಕಲನಗಳಾಗಿ ಅಚ್ಚಾದುದು ಅವರ ಮರಣಾನಂತರ. ಬರೆದ ಕೈಗೆ ಆ ಪುಸ್ತಕಗಳು ಸೇರಲೇ ಇಲ್ಲ.