ಕೌಂಟ್ ಬಂತು, ಹೊಟ್ಟೆ ಹೇಗಿದೆ?

ಈ ಅಂಕಣದಲ್ಲಿ ಸಾಮಾನ್ಯವಾಗಿ ಸಂಬಳ, ಉಳಿತಾಯ, ಊರಿಗೆ ಕಳಿಸೋ ದುಡ್ಡಿನ ಲೆಕ್ಕ ಬರೀತೀನಿ. ಈ ಸಲ ಬೇರೆ ಲೆಕ್ಕ. ರೂವಿ ಕಡೆಯ ನಮ್ಮ ಓದುಗರೊಬ್ಬರು ಊರಿಗೆ ಹೋಗಿ ರಕ್ತದ ಕ್ಯಾನ್ಸರ್ ಇರುವ ತಮ್ಮನಿಗೆ ಸ್ಟೆಮ್ ಸೆಲ್ ಕೊಟ್ಟು ಬಂದರು. ಮೂರು ವಾರಕ್ಕೆ ತಮ್ಮನ ಕೌಂಟ್ ಏರಿತು. ಮನೆಯವರು ಗೆದ್ದೆವು ಅಂದುಕೊಂಡರು. ಆಮೇಲೆ ಭೇದಿ ಹಿಡಿಯಿತು. "ರಕ್ತದ ಕಾಯಿಲೆಗೆ ಹೊಟ್ಟೆ ಯಾಕೆ ಸಾರ್ ಕೆಡುತ್ತೆ?" ಅಂತ ಕೇಳಿದರು. ಓದಿ, ತಿಳಿದವರನ್ನು ಕೇಳಿ ಗೊತ್ತಾದಷ್ಟು ಇಲ್ಲಿದೆ. ನಾನು ಬಿಕಾಂ, ಔಷಧಿ ಹೇಳೋದು ನನ್ನ ಕೆಲಸ ಅಲ್ಲ.

ಈ ಚಿಕಿತ್ಸೆ ನಮಗೆ ದೂರದ್ದೇನಲ್ಲ. ಮಸ್ಕತ್‌ನ ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ 1994ರಿಂದ ಬೋನ್ ಮ್ಯಾರೋ ಕಸಿ ನಡೀತಿದೆ. ಇಲ್ಲಿ ಥಲಸೇಮಿಯಾ, ಸಿಕಲ್ ಸೆಲ್ ಕಾಯಿಲೆ ಜಾಸ್ತಿ, ಹಾಗಾಗಿ ಅಗತ್ಯವೂ ಜಾಸ್ತಿ. ನಮ್ಮ ದೇಶದಲ್ಲಿ ಮುಂಬೈನ ಟಾಟಾ ಆಸ್ಪತ್ರೆ 1983ರಲ್ಲಿ, ವೆಲ್ಲೂರಿನ ಸಿಎಂಸಿ 1986ರಲ್ಲಿ ಶುರು ಮಾಡಿದವು. ಈಗ ಬೆಂಗಳೂರಲ್ಲೇ ಹಲವು ಕಡೆ ಮಾಡ್ತಾರೆ.

ಹೊಟ್ಟೆಯ ವಿಷಯಕ್ಕೆ ಬರ್ತೀನಿ. ಕಸಿಗೆ ಮೊದಲು ಜೋರು ಕೀಮೋ ಕೊಟ್ಟು ರೋಗಿಯ ಹಳೇ ಮಜ್ಜೆಯನ್ನು ಖಾಲಿ ಮಾಡ್ತಾರೆ. ಬೇಗ ಬೇಗ ಹುಟ್ಟೋ ಜೀವಕೋಶಗಳನ್ನೆಲ್ಲ ಕೀಮೋ ಹೊಡೆಯುತ್ತೆ. ಕರುಳಿನ ಒಳಪದರ ಕೆಲವೇ ದಿನಕ್ಕೊಮ್ಮೆ ಹೊಸದಾಗುವ ಜಾಗ, ಹಾಗಾಗಿ ಅದಕ್ಕೂ ಪೆಟ್ಟು. ಆ ಗೋಡೆ ಬಿರುಕು ಬಿಟ್ಟಾಗ ಕರುಳಿನ ಬ್ಯಾಕ್ಟೀರಿಯಾ ಒಳಗೆ ಸೋರುತ್ತವೆ. ಅಣ್ಣನಿಂದ ಬಂದ ಹೊಸ ರಕ್ಷಣಾ ಕೋಶಗಳು ಇದನ್ನು ನೋಡಿ ಎಚ್ಚೆತ್ತು, ತಮ್ಮನ ದೇಹವನ್ನೇ ಪರಕೀಯ ಅಂತ ತಿಳಿದು ಹೊಡೆಯೋಕೆ ಶುರು ಮಾಡಬಹುದು. ಇದಕ್ಕೆ ಜಿವಿಎಚ್‌ಡಿ ಅಂತಾರೆ. ಮುಖ್ಯವಾಗಿ ಚರ್ಮ, ಲಿವರ್, ಕರುಳಿಗೆ ಬರುತ್ತೆ, ಹೆಚ್ಚಾಗಿ ಮೊದಲ ನೂರು ದಿನದೊಳಗೆ. ಪ್ರಾಣಕ್ಕೆ ಹೆಚ್ಚು ಅಪಾಯ ತರೋದು ಕರುಳಿನದ್ದೇ.

ಇಲ್ಲಿ ನಮ್ಮ ಜನರ ನಾಚಿಕೆ ಅಡ್ಡ ಬರುತ್ತೆ. ನರ್ಸ್ ಕೇಳಿದರೆ "ಎರಡು ಸಲ ಹೋದ" ಅಂತಾರೆ ಅಷ್ಟೇ. ಎಷ್ಟು ಸಲ ಅನ್ನೋದು ಸಾಲದು, ಎಷ್ಟು ಅನ್ನೋದು ಬೇಕು. ದೊಡ್ಡವರಲ್ಲಿ ನೀರು ಭೇದಿ ದಿನಕ್ಕೆ 500 ಮಿ.ಲೀ. ದಾಟಿದರೆ ಒಂದನೇ ಹಂತ, ಒಂದು ಲೀಟರ್ ಆದರೆ ಎರಡನೇದು, ಒಂದೂವರೆ ಲೀಟರ್ ಮೀರಿದರೆ ಮೂರನೇದು. ರಕ್ತ ಬಿದ್ದರೆ, ತಡೆಯಲಾಗದ ಹೊಟ್ಟೆನೋವು ಬಂದರೆ ಇನ್ನೂ ಮೇಲಿನದು. ಔಷಧದ ನಿರ್ಧಾರಕ್ಕೆ ಈ ಲೆಕ್ಕ ಬೇಕೇ ಬೇಕು. ಅಳತೆ ಪಾತ್ರೆ ಇಟ್ಟು, ಒಳಗೆ ಹೋದದ್ದು ಒಂದು ಕಡೆ, ಹೊರಗೆ ಬಂದದ್ದು ಇನ್ನೊಂದು ಕಡೆ ಬರೆಯಿರಿ. ನಮ್ಮ ಕ್ಯಾಷ್ ಬುಕ್ ಇದ್ದಂಗೇ.

ರಕ್ತದಲ್ಲೂ ಗುರುತು ಸಿಗುತ್ತೆ. ಸಿಟ್ರುಲಿನ್ ಅನ್ನೋ ಅಂಶವನ್ನು ಹೆಚ್ಚಾಗಿ ಸಣ್ಣ ಕರುಳಿನ ಕೋಶಗಳೇ ತಯಾರಿಸುತ್ತವೆ, ಅದು ಇಳಿದರೆ ಕರುಳಿನ ಗೋಡೆ ಸವೆದಿದೆ ಅಂತ ಅರ್ಥ. ಹೆಸರು ಬಂದದ್ದು ಕಲ್ಲಂಗಡಿಯ ಸಸ್ಯಶಾಸ್ತ್ರದ ಹೆಸರಿಂದ. (ಹಂಗಂತ ಕಲ್ಲಂಗಡಿ ತಿನ್ನಿಸಿದರೆ ಕರುಳು ರಿಪೇರಿ ಆಗಲ್ಲ!) ಎಸ್‌ಟಿ2, ರೆಗ್3 ಆಲ್ಫಾ ಎಂಬ ಪ್ರೋಟೀನುಗಳು ಏರಿದರೆ ಅಪಾಯ ಹೆಚ್ಚು ಅಂತ ತಿಳೀಬಹುದು. ಈ ಟೆಸ್ಟುಗಳು ಎಲ್ಲಾ ಆಸ್ಪತ್ರೆಯಲ್ಲೂ ಇರಲ್ಲ. ಇಲ್ಲದಿದ್ದರೆ ಗಾಬರಿ ಬೇಡ. ಕೊನೆಗೆ ಖಚಿತ ಮಾಡೋದು ಮಲಪರೀಕ್ಷೆ ಮತ್ತು ಎಂಡೋಸ್ಕೋಪಿಯಲ್ಲಿ ತೆಗೆದ ಚೂರು. ಸಿಎಂವಿ ವೈರಸ್ ಸೋಂಕಿಗೂ ಇದೇ ಥರ ಭೇದಿ ಬರುತ್ತೆ, ಅದಕ್ಕೆ ಔಷಧಿಯೇ ಬೇರೆ.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ನ್ಯೂಯಾರ್ಕ್, ಡರ್ಹಮ್, ಜರ್ಮನಿಯ ರೇಗನ್ಸ್‌ಬರ್ಗ್, ಜಪಾನಿನ ಸಪ್ಪೋರೊ, ಈ ನಾಲ್ಕು ಕಡೆಯ 1,362 ರೋಗಿಗಳ ಮಲದ ಮಾದರಿ ನೋಡಿ 2020ರಲ್ಲಿ ವರದಿ ಬಂತು. ಕರುಳಲ್ಲಿ ಬಗೆಬಗೆಯ ಬ್ಯಾಕ್ಟೀರಿಯಾ ಉಳಿದವರಿಗಿಂತ, ಒಂದೇ ಜಾತಿಯದ್ದು ತುಂಬಿಕೊಂಡವರಲ್ಲಿ ಸಾವು ಹೆಚ್ಚಿತ್ತು. ಆಂಟಿಬಯೋಟಿಕ್ ಈ ವೈವಿಧ್ಯವನ್ನು ಕಡಿಮೆ ಮಾಡುತ್ತೆ. ಆದರೆ ಸೋಂಕು ಬಂದಾಗ ಬಿಡೋ ಹಾಗೂ ಇಲ್ಲ. ಡಾಕ್ಟರಿಗೂ ಕಷ್ಟದ ತೂಕ ಅದು.

"ಹಂಗಾದ್ರೆ ಮೊಸರನ್ನ ಕೊಡೋಣ" ಅಂತ ಅಮ್ಮಂದಿರು ಅಂದೇ ಅಂತಾರೆ. ನಮ್ಮ ಹೊಟ್ಟೆಗೆ ಅದು ಅಮೃತ. ಆದರೆ ಹೊಸ ಮಜ್ಜೆ ಗಟ್ಟಿಯಾಗದ ದೇಹದಲ್ಲಿ ಮೊಸರಿನ ಜೀವಂತ ಬ್ಯಾಕ್ಟೀರಿಯಾವೇ ರಕ್ತಕ್ಕೆ ಸೇರುವ ಭಯ ಇದೆ. ಪ್ರೋಬಯೋಟಿಕ್ ಪುಡಿ, ನಾಟಿ ಕಷಾಯ, ಅಂಗಡಿಯ ಭೇದಿ ಮಾತ್ರೆ ಯಾವುದನ್ನೂ ಕೇಳದೆ ಕೊಡಬೇಡಿ. ಫೋನಲ್ಲಿ ಮನೆಯವರಿಗೆ ಇಲ್ಲಿಂದ ಹೇಳಬಹುದಾದ ದೊಡ್ಡ ಸಹಾಯ ಇದೇ. ಭೇದಿ ಶುರುವಾದ ದಿನವೇ, ರಾತ್ರಿಯಾದರೂ, ಕಸಿ ವಾರ್ಡಿಗೆ ಫೋನ್ ಮಾಡಿಸಿ. ಸಾಮಾನ್ಯವಾಗಿ ಮೊದಲ ಔಷಧಿ ಸ್ಟೀರಾಯ್ಡ್, ಬೇಗ ಸಿಕ್ಕಷ್ಟೂ ಒಳ್ಳೆಯದು.

ಇನ್ನು ದಾನಿಗಳಾಗುವ ಅಣ್ಣತಮ್ಮಂದಿರಿಗೆ: ಒಡಹುಟ್ಟಿದ ಒಬ್ಬೊಬ್ಬರಿಗೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈಗ ಅರ್ಧ ಹೊಂದಿದರೂ ಕಸಿ ಮಾಡ್ತಾರೆ. ನಾಲ್ಕೈದು ದಿನ ಇಂಜೆಕ್ಷನ್, ಆಮೇಲೆ ಒಂದೆರಡು ದಿನ ಮೆಷಿನ್ನಿನಲ್ಲಿ ರಕ್ತದಿಂದ ಸೋಸಿ ತೆಗೀತಾರೆ. ಮೈಕೈ ನೋವು ಬರುತ್ತೆ, ಹೋಗುತ್ತೆ. ಮುಂಚಿನ ತಪಾಸಣೆಯನ್ನೂ ಸೇರಿಸಿಕೊಂಡು ರಜೆ ಕೇಳಿ, ಬರೀ ಒಂದು ವಾರ ಅಂತ ಬರೆದುಕೊಟ್ಟರೆ ಸಾಲಲ್ಲ.