ವಿಂಡೋಸ್ 10 ಕತೆ ಮುಗೀತು. ಲಿನಕ್ಸ್‌ಗೆ ಹೋದರೆ ಟ್ಯಾಲಿ, ನುಡಿ ಗತಿ ಏನು?

ಕೋಲಾರ: ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿ, ಟೊಮೆಟೊ ಮಂಡಿ, ಮೆಡಿಕಲ್ ಸ್ಟೋರ್, ಎಲ್ಲಿ ನೋಡಿದ್ರೂ ಒಂದು ಹಳೇ ಕಂಪ್ಯೂಟರ್ ಇದ್ದೇ ಇರುತ್ತೆ. ಅದರಲ್ಲಿ ವಿಂಡೋಸ್ 10 ಇದ್ದರೆ ಗಮನಿಸಿ: 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಮಾಮೂಲಿ ಭದ್ರತಾ ಅಪ್‌ಡೇಟ್ ನಿಲ್ಲಿಸಿದೆ. ಮಷಿನ್ ನಿಂತು ಹೋಗಲ್ಲ, ನಾಳೆನೂ ಬಿಲ್ ಹೊಡೆಯುತ್ತೆ. ಆದರೆ ಹೊಸದಾಗಿ ಸಿಗುವ ದೋಷಗಳಿಗೆ ರಿಪೇರಿ ಬರಲ್ಲ. ಬಂದವರ ಪೆನ್‌ಡ್ರೈವ್ ಎಲ್ಲ ಚುಚ್ಚುವ ಅಂಗಡಿಗೆ ಇದು ಸಣ್ಣ ವಿಷಯವಲ್ಲ.

ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಸೆಕೆಂಡ್ ಹ್ಯಾಂಡ್ ಮಷಿನ್‌ಗಳು ಫೇಲಾಗೋದು ಇಲ್ಲೇ. ಆಗ "ಲಿನಕ್ಸ್ ಹಾಕ್ಸಿ, ಫ್ರೀ" ಅನ್ನೋ ಸಲಹೆ ಬರುತ್ತೆ. ಫ್ರೀ ನಿಜ, 4 ಜಿಬಿ ರ‍್ಯಾಮ್‌ನಲ್ಲೂ ಲಿನಕ್ಸ್ ಮಿಂಟ್ ಓಡುತ್ತೆ. ಆದರೆ ನಿಮ್ಮ ಅನ್ನ ಯಾವ ಸಾಫ್ಟ್‌ವೇರ್‌ನಲ್ಲಿದೆ?

ಜಿಎಸ್‌ಟಿ ಪೋರ್ಟಲ್, ಸೇವಾ ಸಿಂಧು, ಕಾವೇರಿ 2.0 ಎಲ್ಲವೂ ಬ್ರೌಸರ್‌ನಲ್ಲೇ ತೆರೆಯುತ್ತವೆ. ಇಷ್ಟೇ ಕೆಲಸವಾದರೆ ಹೆಚ್ಚು ಯೋಚಿಸಬೇಕಿಲ್ಲ. ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಮಷಿನ್ ಇದ್ದರೆ ಮಾತ್ರ ಮೊದಲು ಪರೀಕ್ಷೆ ಮಾಡಿ. ಟ್ಯಾಲಿಪ್ರೈಮ್ ವಿಂಡೋಸ್‌ಗಾಗಿ ಬರೆದದ್ದು. ವೈನ್ ಎಂಬ ಪ್ರೋಗ್ರಾಂ ಮೂಲಕ ಲಿನಕ್ಸ್‌ನಲ್ಲಿ ಓಡಿಸುವವರಿದ್ದಾರೆ. ಮಾರ್ಚ್ ಕೊನೇ ವಾರ ಅದು ಕೈಕೊಟ್ಟರೆ ಯಾರನ್ನ ಕೇಳ್ತೀರಿ?

ನಮ್ಮ ಕಡೆ ನಿಜವಾದ ಗಂಟು ಟ್ಯಾಲಿಯಲ್ಲ, ನುಡಿ. ಕನ್ನಡ ಗಣಕ ಪರಿಷತ್ತಿನ ಈ ತಂತ್ರಾಂಶದಲ್ಲಿ ಟೈಪಾದ ಹಳೇ ಅರ್ಜಿ, ಕರಾರು, ಕ್ರಯಪತ್ರಗಳು ಬಹುಪಾಲು ಯೂನಿಕೋಡ್ ಅಲ್ಲ. ನುಡಿ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫಾಂಟ್ ಹಾಕಿದರೆ ಲಿಬ್ರೆಆಫೀಸ್‌ನಲ್ಲಿ ಓದಬಹುದು. ತಿದ್ದೋಕೆ ಯೂನಿಕೋಡ್‌ಗೆ ಬದಲಿಸೋದೇ ದಾರಿ. ಬದಲಿಸಿದ ಮೇಲೆ ಸಾಲುಸಾಲಾಗಿ ಓದಲೇಬೇಕು, ಕ್ರಯಪತ್ರದಲ್ಲಿ ಒಂದು ಒತ್ತಕ್ಷರ ಜಾರಿದರೆ ಆಸಾಮಿಯ ಹೆಸರೇ ಬೇರೆ ಆಗುತ್ತೆ. ಇನ್ನು ಬೆರಳಿನ ಅಭ್ಯಾಸಕ್ಕೆ ತೊಂದರೆಯಿಲ್ಲ: ಲಿನಕ್ಸ್‌ನ ಐಬಸ್‌ನಲ್ಲಿ ನುಡಿಯ ಕೆಜಿಪಿ ಕೀಲಿಮಣೆ ಸಿಗುತ್ತೆ.

"ಲಿನಕ್ಸ್ ಕನ್ನಡಕ್ಕೆ ಆಗಿಬರಲ್ಲ" ಅನ್ನೋರು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳನ್ನ ನೋಡಬೇಕು. ಕೇರಳದ ಉಳಿದ ಸರ್ಕಾರಿ ಶಾಲೆಗಳಂತೆ ಅಲ್ಲೂ ಮಕ್ಕಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಲೀತಿದ್ದಾರೆ. ಅಲ್ಲಿ ಕೈಟ್ ಸಂಸ್ಥೆ ಮೇಷ್ಟ್ರಿಗೆಲ್ಲ ತರಬೇತಿ ಕೊಟ್ಟಿತು. ಮುಳಬಾಗಿಲಿನ ಡಿಟಿಪಿ ಅಂಗಡಿಯವರಿಗೆ ಕಲಿಸೋರು ಯಾರು? 2025ರ ನವೆಂಬರ್‌ನಲ್ಲಿ ನಮ್ಮ ಸರ್ಕಾರವೂ ಕಿಯೋನಿಕ್ಸ್ ಮೂಲಕ 18,999 ರೂಪಾಯಿಯ ಲಿನಕ್ಸ್ ಕಂಪ್ಯೂಟರ್ 'ಕಿಯೋ' ಪರಿಚಯಿಸಿತು. ಓದೋ ಮಕ್ಕಳಿಗೆ ಒಳ್ಳೇದೇ. ಆದರೆ ಅದರ ಪ್ರೊಸೆಸರ್ ರಿಸ್ಕ್-ಫೈವ್ ಜಾತಿಯದು, ಟ್ಯಾಲಿ ಓಡಿಸೋಕೆ ಅಂತ ತಗೋಬೇಡಿ.

ಎರಡು ಮಷಿನ್ ಇರೋರು ಟ್ಯಾಲಿ, ನುಡಿ ಒಂದರಲ್ಲಿ ಇಟ್ಟು ಅದಕ್ಕೆ ಗಿರಾಕಿಗಳ ಪೆನ್‌ಡ್ರೈವ್, ಇಂಟರ್‌ನೆಟ್ ಎರಡೂ ಬಂದ್ ಮಾಡಿ, ಇನ್ನೊಂದಕ್ಕೆ ಲಿನಕ್ಸ್ ಹಾಕೋದು ನಮಗೆ ಸರಿ ಕಾಣುತ್ತೆ. ಒಂದೇ ಇರೋರು ಅವಸರ ಮಾಡಬೇಡಿ. ಮನೆ ಬಳಕೆಯ ವಿಂಡೋಸ್ 10ಕ್ಕೆ, 22ಎಚ್2 ಆವೃತ್ತಿ ಮತ್ತು ಮೈಕ್ರೋಸಾಫ್ಟ್ ಖಾತೆ ಇದ್ದರೆ, 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಅಪ್‌ಡೇಟ್ ಪಡೆಯುವ ಅವಕಾಶ ಕೊಟ್ಟಿದ್ದಾರೆ. ಅಷ್ಟರಲ್ಲಿ ಒಂದು ಭಾನುವಾರ ಮಿಂಟನ್ನ ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ, ಇನ್‌ಸ್ಟಾಲ್ ಮಾಡದೆ, ನಿಮ್ಮ ಪ್ರಿಂಟರ್‌ನಲ್ಲಿ ಒಂದು ಬಿಲ್ ತೆಗೆದು ನೋಡಿ.